ಹಿಂದಕ್ಕೆ ಹೋದ ಸರದಿ

ನಮ್ಮೂರಲ್ಲಿ ಬೆಳಿಗ್ಗೆ ಎದ್ದವರು ಮೊದಲು ನೋಡುವುದು, ನಿನ್ನೆ ಯಾರ ಕೈಯಿಂದ ಏನು ಬಂತೋ ಅದು ಇನ್ನೂ ಮನೆಯಲ್ಲಿದೆಯಾ ಎಂದು. ಮನಸಾರೆ ಕೊಟ್ಟದ್ದಾದರೆ ಇರುತ್ತದೆ. ಒಲ್ಲದ ಮನಸ್ಸಿನಿಂದ ಕೊಟ್ಟದ್ದಾದರೆ, ಕೊಟ್ಟವರು ಅದನ್ನು ಮೊದಲು ಎಲ್ಲಿಟ್ಟಿದ್ದರೋ ಬೆಳಗಾಗುವಷ್ಟರಲ್ಲಿ ಅಲ್ಲಿಗೇ ಹೋಗಿ ಕೂತಿರುತ್ತದೆ. ಸೀರೆಯಾದರೆ ಅವರ ಟ್ರಂಕಿಗೆ, ಕೊಡೆಯಾದರೆ ಅವರ ಗೋಡೆಯ ಮೊಳೆಗೆ. ಸಂತೆಯಲ್ಲಿ ಚೌಕಾಸಿ ಮಾಡುವಾಗ ಮಾರುವವಳ ಮುಖ ನೋಡುತ್ತಿರುತ್ತೇವೆ. ಅವಳ ಹುಬ್ಬು ಗಂಟಾದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತೇವೆ. ಇಲ್ಲವಾದರೆ ತಂದ ಬದನೆಕಾಯಿ ಬೆಳಿಗ್ಗೆ ಮತ್ತೆ ಅವಳ ಬುಟ್ಟಿಯಲ್ಲಿರುತ್ತದೆ. ತಿಂದು ಮುಗಿಸಿದ್ದು ಹಿಂದಕ್ಕೆ ಹೋಗಲಾರದು, ಅದು ಹೊಟ್ಟೆಯಲ್ಲೇ ನುಲಿಯುತ್ತದೆ. ನನ್ನ ಅತ್ತೆ ಪ್ರತಿ ಯುಗಾದಿಗೂ ನನಗೆ ಒಂದು ಜೊತೆ ಓಲೆ ಕೊಡುತ್ತಾರೆ. ಮಾರನೇ ದಿನ ಅವು ಅವರ ಡಬ್ಬಿಯಲ್ಲೇ ಇರುತ್ತವೆ. ಆ ಮಾತನ್ನು ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಮುಂದಿನ ಯುಗಾದಿಗೆ ಮತ್ತೆ ಅದೇ ಓಲೆ ಕೊಡುತ್ತಾರೆ, ನಾನು ಮತ್ತೆ ಕಾಲಿಗೆ ಬೀಳುತ್ತೇನೆ.

ಹೀಗಾಗಿ ನಮ್ಮೂರಿನವರಿಗೆ ಅನುಮಾನ ಅನ್ನುವುದು ಹಲ್ಲುಜ್ಜಿದಷ್ಟೇ ಸಹಜ. ಯಾರಾದರೂ ನಗುತ್ತಾ ಏನಾದರೂ ಕೊಟ್ಟರೆ, ನಾವು ನಗುತ್ತಾ ತಗೊಂಡು, ಬೆಳಗಾಗಲಿ ನೋಡೋಣ ಅಂದುಕೊಳ್ಳುತ್ತೇವೆ.

ನಾನು ಕಾತ್ಯಾಯಿನಿ, ಊರಿನ ನೀರಿನ ಕಚೇರಿಯಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವವಳು. ಯಾವ ಬೀದಿಗೆ ಯಾವಾಗ ನೀರು ಬಿಡಬೇಕು, ಎಷ್ಟು ಹೊತ್ತು ಬಿಡಬೇಕು ಎಂದು ವಾಲ್ವುಗಳಿಗೆ ಹೇಳುವ ಕೋಡ್ ನಮ್ಮದು. ಅದನ್ನು ತಿದ್ದಿದಾಗಲೆಲ್ಲ ಯಾರು ಏನು ತಿದ್ದಿದರು, ಮೊದಲು ಹೇಗಿತ್ತು ಎಂಬುದನ್ನೆಲ್ಲ ಹಿಂದಿನ ಕೋಣೆಯ ಒಂದು ಮಷೀನು ಕಾಪಾಡಿಕೊಂಡು ಬರುತ್ತಿತ್ತು. ಅದರಲ್ಲಿ ಒಬ್ಬರು ಒಂದು ಫೈಲನ್ನು ಎತ್ತಿಕೊಂಡರೆ ಅವರು ವಾಪಸ್ ಇಡುವ ತನಕ ಬೇರೆಯವರು ಮುಟ್ಟುವಂತಿರಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಪಂಕಜಾಕ್ಷಿ ಫೈಲು ಎತ್ತಿಕೊಂಡು ತವರಿಗೆ ಹೋದಳೆಂದರೆ, ಅವಳು ಹಿಂತಿರುಗುವವರೆಗೆ ಆ ಬೀದಿಯ ನೀರಿನ ಹಣೆಬರಹ ಹಾಗೇ ಇರುತ್ತಿತ್ತು. ಹೋದ ಬೇಸಿಗೆಯಿಂದ ಆ ಮಷೀನು ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟಿದ ಹಾಗೆ ಸದ್ದು ಮಾಡತೊಡಗಿತ್ತು. ಒಂದು ದಿನ ಅದು ನಿಂತೇಬಿಟ್ಟಿತು. ಅರ್ಧಕ್ಕೆ ನಿಂತ ತಿದ್ದುಪಡಿಯಿಂದಾಗಿ ಕುಂಬಾರ ಬೀದಿಗೆ ನೀರೇ ಬರಲಿಲ್ಲ, ಕೆಳಗಿನ ಪೇಟೆಯಲ್ಲಿ ಚರಂಡಿ ತುಂಬಿ ಹರಿಯಿತು. ತಟ್ಟಿ, ಒರೆಸಿ, ಹೇಗೋ ಎಬ್ಬಿಸಿದೆವು. ಇನ್ನೊಮ್ಮೆ ನಿಂತರೆ ಅದು ಏಳುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಒಳಗಿದ್ದದ್ದನ್ನೆಲ್ಲ ಹೊಸ ವ್ಯವಸ್ಥೆಗೆ ಸಾಗಿಸುವುದೆಂದು ತೀರ್ಮಾನವಾಯಿತು.

ಸಾಗಿಸಿಕೊಡಲು ಹೊರಗಿನಿಂದ ನೌಶೀನ್ ಎಂಬ ಹುಡುಗಿ ಬಂದಳು. ಕೆಲಸದಲ್ಲಿ ಚುರುಕು, ಮಾತು ಕಮ್ಮಿ. ಬಂದ ಮೊದಲ ಬೆಳಿಗ್ಗೆ ಓಡೋಡಿ ಕಚೇರಿಗೆ ಬಂದು, "ಮೇಡಂ, ರಾತ್ರಿ ಮನೆ ಓನರಮ್ಮ ಒಂದು ರಗ್ಗು ಕೊಟ್ಟಿದ್ರು. ಎದ್ದು ನೋಡಿದ್ರೆ ಇಲ್ಲ. ಬಾಗಿಲು ಒಳಗಿನಿಂದ ಹಾಕಿದ್ದು ಹಾಗೇ ಇದೆ," ಅಂದಳು.

"ಅವರ ಬೀರುವಿನಲ್ಲಿರುತ್ತೆ ಬಿಡಿ. ಇವತ್ತು ಸಂಜೆ ಒಂದು ಹೊಸದು ಕೊಂಡ್ಕೊಳ್ಳಿ. ಆದ್ರೆ ಜಾಸ್ತಿ ಚೌಕಾಸಿ ಮಾಡಬೇಡಿ," ಅಂದೆ. ಒಂದು ವಾರದಲ್ಲಿ ಅವಳೂ ನಮ್ಮ ಹಾಗೆ ಎದ್ದ ಕೂಡಲೇ ಹಾಸಿಗೆ ತಡವುವುದನ್ನು ಕಲಿತಳು.

ನಮ್ಮ ಕಚೇರಿಯ ಮುಖ್ಯಸ್ಥರು ತ್ರಿವಿಕ್ರಮ ಸರ್. ನಿವೃತ್ತಿ ಹತ್ತಿರವಿತ್ತು. ಊರಿನ ನೀರಿನ ವ್ಯವಸ್ಥೆ ಕಟ್ಟಿದವರು ಅವರೇ ಎಂದು ಎಲ್ಲ ಸಭೆಗಳಲ್ಲೂ ಶಾಲು ಹೊದಿಸುತ್ತಿದ್ದರು, ಹೊಸ ಕಟ್ಟಡಕ್ಕೆ ಅವರ ಹೆಸರಿಡುವ ಮಾತೂ ನಡೆದಿತ್ತು. ಹೊಸ ವ್ಯವಸ್ಥೆ ಏನೆಂದು ತಿಳಿಸಲು ನೌಶೀನ್ ಎಲ್ಲರನ್ನೂ ಅವರ ಕೋಣೆಯಲ್ಲಿ ಕೂರಿಸಿದಳು. ಇದರಲ್ಲಿ ಯಾರೂ ಯಾರಿಗೂ ಕಾಯಬೇಕಾಗಿಲ್ಲ, ಪ್ರತಿಯೊಬ್ಬರ ಮಷೀನಿನಲ್ಲೂ ಎಲ್ಲ ಕೋಡ್, ಎಲ್ಲ ಹಳೆಯ ಪ್ರತಿಗಳ ಸಮೇತ ಇರುತ್ತದೆ ಎಂದಳು.

ಪಂಕಜಾಕ್ಷಿ ಕೈ ಕಟ್ಟಿಕೊಂಡು ಕೂತಿದ್ದಳು. "ಎಲ್ಲರ ಹತ್ರಾನೂ ಎಲ್ಲಾ ಇದ್ರೆ, ನಿಜವಾದದ್ದು ಯಾರ ಹತ್ರ ಇರುತ್ತೆ?"

"ಎಲ್ಲರ ಹತ್ರ ಇರೋದೂ ನಿಜವಾದದ್ದೇ ಮೇಡಂ."

"ಅದು ಹೇಗಾಗುತ್ತೆ? ಒಂದು ನಿಜ ಅಂದ್ರೆ ಮಿಕ್ಕಿದ್ದು ನಕಲು ತಾನೇ?"

ನೌಶೀನ್ ಉತ್ತರ ಹುಡುಕುವ ಬದಲು ಒಂದು ಫೈಲು ತೆರೆದು, ಪ್ರತಿ ಸಾಲಿನ ಪಕ್ಕ ಅದನ್ನು ಬರೆದವರ ಹೆಸರು ಬರುವ ಹಾಗೆ ಮಾಡಿ ತೋರಿಸಿದಳು. ಆ ಆಜ್ಞೆಯ ಹೆಸರೇನೆಂದು ಯಾರೋ ಕೇಳಿದರು.

"ಬ್ಲೇಮ್," ಅಂದಳು.

"ಸರಿಹೋಯ್ತು," ಅಂದಳು ಪಂಕಜಾಕ್ಷಿ. "ಈ ಊರಿಗೆ ಅದೊಂದು ಕಮ್ಮಿಯಾಗಿತ್ತು."

ಎಲ್ಲರೂ ನಕ್ಕರು. ತ್ರಿವಿಕ್ರಮ ಸರ್ ಮಾತ್ರ ಆ ಹೆಸರುಗಳ ಸಾಲನ್ನು ಕನ್ನಡಕ ಏರಿಸಿ ನೋಡುತ್ತಿದ್ದರು.

ಸಾಗಿಸುವ ಕೆಲಸ ಸರಾಗವಾಗಿ ನಡೆಯಿತು. ವಾಲ್ವುಗಳ ಫೋಲ್ಡರ್, ಟ್ಯಾಂಕಿನ ಮಟ್ಟದ ಫೋಲ್ಡರ್, ದೂರುಗಳದ್ದು, ಎಲ್ಲವೂ ಹೊಸ ಜಾಗಕ್ಕೆ ಬಂದವು. ಕೊನೆಗೆ ಸರದಿಯ ಫೋಲ್ಡರ್. ಯಾವ ಬೀದಿಯ ನಂತರ ಯಾವ ಬೀದಿ, ಯಾರಿಗೆ ಎಷ್ಟು ಎಂದು ನಿರ್ಧರಿಸುವುದು ಅದೇ. ಮಿಕ್ಕಿದ್ದೆಲ್ಲ ಅದರ ಕೈಕಾಲು. ಸಂಜೆ ಅದನ್ನೂ ಸಾಗಿಸಿ, ನಾನೂ ನೌಶೀನಳೂ ಸಾಲು ಸಾಲು ಹೋಲಿಸಿ ನೋಡಿ ಮನೆಗೆ ಹೋದೆವು. ಬೆಳಿಗ್ಗೆ ಬಂದು ನೋಡಿದರೆ ಹೊಸ ಜಾಗದಲ್ಲಿ ಸರದಿ ಇರಲಿಲ್ಲ. ಮಿಕ್ಕಿದ್ದೆಲ್ಲ ಇತ್ತು. ಹಳೆಯ ಮಷೀನಿನಲ್ಲಿ ಸರದಿ ಮೊದಲಿನಂತೆಯೇ ಇತ್ತು.

ನೌಶೀನ್ ತನ್ನದೇ ತಪ್ಪಿರಬೇಕೆಂದು ತಲೆ ಕೆಡಿಸಿಕೊಂಡು ಮತ್ತೆ ಸಾಗಿಸಿದಳು. ಬೆಳಿಗ್ಗೆ ಮತ್ತೆ ಇಲ್ಲ. ಇನ್ನೊಂದು ದಾರಿಯಿಂದ ಪ್ರಯತ್ನಿಸಿದಳು. ಆಗಲೂ ಇಲ್ಲ. ಅವಳು ಊಟ ಬಿಟ್ಟು ಪರದೆಯ ಮುಂದೆ ಕೂತದ್ದನ್ನು ನೋಡಲಾರದೆ ನಾನೇ ಹೇಳಿದೆ.

"ಇದು ನಿಮ್ಮ ಕೆಲಸದ ತಪ್ಪಲ್ಲ. ಆ ರಗ್ಗಿನ ಹಾಗೆ ಇದೂ. ಅದನ್ನ ಬರೆದವರಲ್ಲಿ ಯಾರೋ ಮನಸಾರೆ ಕೊಡ್ತಿಲ್ಲ."

ಅವಳು ನನ್ನ ಮುಖ ನೋಡಿದಳು. "ಕೋಡಿಗೂ ಹೀಗಾಗುತ್ತಾ?"

"ಕೊಡೋ ವಸ್ತು ಅಲ್ವಾ ಅದೂ?"

ಅಲ್ಲಿಂದ ಕಚೇರಿಯ ಗಾಳಿಯೇ ಬದಲಾಯಿತು. ತ್ರಿವಿಕ್ರಮ ಸರ್ ಎಲ್ಲರನ್ನೂ ಕರೆದು, ಸರದಿಗೆ ಕೈ ಹಚ್ಚಿದವರೆಲ್ಲ ಒಬ್ಬೊಬ್ಬರಾಗಿ ನಿಂತು ಕೊಟ್ಟಿದ್ದೇನೆ ಎಂದು ಹೇಳಬೇಕೆಂದರು. ನಾನು ಹೇಳಿದೆ. ಹೇಳುವಾಗಲೇ ನನ್ನ ಮನಸ್ಸನ್ನು ನಾನೇ ತಡವಿ ನೋಡಿಕೊಂಡೆ. ಪಂಕಜಾಕ್ಷಿಯ ಸರದಿ ಬಂದಾಗ ಎಲ್ಲರ ಕಣ್ಣೂ ಅವಳ ಮೇಲೇ ಇತ್ತು. ಮೊದಲ ದಿನವೇ ತಕರಾರು ತೆಗೆದವಳಲ್ಲವೇ. ಅವಳು ಒಂದು ಸಲವಲ್ಲ, ಎರಡು ಸಲ ಹೇಳಿದಳು. ಬೆಳಿಗ್ಗೆ ಸರದಿ ಮತ್ತೆ ಹಳೆಯ ಮಷೀನಿನಲ್ಲಿತ್ತು. ನಾನು ಅವಳ ಟೇಬಲ್ಲಿನ ಹತ್ತಿರ ಹೋಗಿ ಮೆಲ್ಲಗೆ, "ಪಂಕಜಾ, ಏನಾದ್ರೂ ಇದ್ರೆ ನನಗಾದ್ರೂ ಹೇಳೇ," ಅಂದೆ.

"ಹೇಳಿದ್ದನ್ನ ನಂಬದವರಿಗೆ ಇನ್ನೇನು ಹೇಳೋದು?" ಅಂದವಳು ಅಳುತ್ತಾ ಎದ್ದು ಹೋದಳು. ಅವಳು ಮುಟ್ಟಿದ್ದ ನಾಲ್ಕೈದು ಸಾಲುಗಳನ್ನು ತೆಗೆದು, ಅವಿಲ್ಲದೆ ಸಾಗಿಸಿ ನೋಡಿದೆವು. ಆದರೂ ಸರದಿ ಹಿಂದಕ್ಕೆ ಹೋಯಿತು. ಅವಳದ್ದಲ್ಲ ಎಂದು ಸಾಬೀತಾದರೂ ಅವಳು ನನ್ನೊಡನೆ ಮಾತು ಬಿಟ್ಟಳು. ಯಾರೂ ಯಾರು ಕೊಟ್ಟ ಚಹಾವನ್ನೂ ಕುಡಿಯದಾದರು. ಮನೆಯಿಂದ ಎಲ್ಲರೂ ಅವರವರ ಫ್ಲಾಸ್ಕು ತರತೊಡಗಿದರು.

ಆಗ ತ್ರಿವಿಕ್ರಮ ಸರ್ ನನ್ನನ್ನು ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, "ಚನ್ನವೀರ ಇದ್ನಲ್ಲ, ಅವನನ್ನ ಕೇಳಿದ್ರಾ?" ಅಂದರು.

ಚನ್ನವೀರ ನಾನು ಕೆಲಸಕ್ಕೆ ಸೇರುವ ಮೊದಲೇ ಇದ್ದವನು. ಆರಂಭದಲ್ಲಿ ಈ ಕಚೇರಿಯಲ್ಲಿ ಸರ್ ಮತ್ತು ಅವನು ಇಬ್ಬರೇ. ನಾನು ಬಂದ ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟು, ಹೆಂಡತಿ ದಾಕ್ಷಾಯಣಿಯ ಜೊತೆ ಮೇಲ್ಕೇರಿಯಲ್ಲಿ ಕುರುಕಲು ತಿಂಡಿಯ ಅಂಗಡಿ ಹಾಕಿದ್ದ. ಕೂತು ಕೂತು ಬೆನ್ನು ಹೋಯಿತು, ಎಣ್ಣೆ ಬಾಂಡಲೆಯ ಮುಂದೆ ನಿಂತರೆ ಹಾಯಾಗಿರುತ್ತೆ ಎಂದು ಅವನು ಹೇಳಿದರೂ, ಬಡ್ತಿ ಸಿಗದ ಸಿಟ್ಟಿಗೆ ಬಿಟ್ಟ ಎಂದು ಊರು ಮಾತಾಡಿಕೊಂಡಿತ್ತು.

"ಸರದಿ ಬರೆದದ್ದು ನಾನು. ಅವನು ಜೊತೆಗೆ ಕೈಯಾಡಿಸಿದ್ದ ಅಷ್ಟೇ," ಅಂದರು ಸರ್. "ಹೊಟ್ಟೆಕಿಚ್ಚು ಕಾತ್ಯಾಯಿನಿ. ಈಗ ಹೊಸದಾಗಿ ಎಲ್ಲ ಸರಿಯಾಗಿ ನಿಲ್ತಿದೆ ಅನ್ನುವಾಗ ಅವನಿಗೆ ತಡೀತಿಲ್ಲ."

ನನಗೆ ಅದು ಸರಿ ಅನ್ನಿಸಿತು. ಮೇಲ್ಕೇರಿಗೆ ಹೋದೆ. ಅಂಗಡಿಯ ಮುಂದೆ ಸಂಜೆಯ ಜನವಿತ್ತು. ನಾನು ಅವರೆಲ್ಲ ಹೋಗುವವರೆಗೆ ಕಾಯಬೇಕಿತ್ತು. ಕಾಯಲಿಲ್ಲ. ಎದುರುಗಡೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ದರ್ಜಿ ಕೂಡ ಕೇಳಿಸಿಕೊಳ್ಳುವಷ್ಟು ಜೋರಾಗಿ, "ಚನ್ನವೀರ, ಸರದಿಯ ಫೋಲ್ಡರ್ ಸಾಗಿಸಿದಾಗಲೆಲ್ಲ ಹಿಂದಕ್ಕೆ ಹೋಗ್ತಿದೆ. ನೀವು ಕೊಟ್ಟಿದೀರೋ ಇಲ್ವೋ?" ಅಂದೆ.

ಅವನು ಜಾಲರಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. "ಕೊಟ್ಟು ಎಷ್ಟು ಕಾಲ ಆಯ್ತು ಮೇಡಂ. ಅದನ್ನ ಬಿಟ್ಟು ಬಂದ ಮೇಲೆ ನಾನು ನೆನೆಸಿಕೊಂಡೂ ಇಲ್ಲ."

"ಹಾಗಾದ್ರೆ ಎಲ್ಲರೆದುರು ಇನ್ನೊಮ್ಮೆ ಹೇಳಿ."

"ಕೊಟ್ಟಿದೀನಿ. ಮನಸಾರೆ ಕೊಟ್ಟಿದೀನಿ. ತಗೊಳ್ಳಿ."

ಮಾರನೇ ದಿನ ಬೆಳಿಗ್ಗೆ ಅವನೇ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಿದ್ದ. "ಇದೆಯಾ?" ಅಂದ. ಇನ್ನೂ ಕಚೇರಿಗೆ ಹೋಗಿಲ್ಲ ಅಂದೆ. ನನ್ನ ಹಿಂದೆಯೇ ಕಚೇರಿಯವರೆಗೆ ಬಂದು ಹೊರಗೆ ಕಾದ. ನಾನು ಕಿಟಕಿಯಿಂದ ಇಲ್ಲ ಎಂದು ತಲೆಯಾಡಿಸಿದೆ. ಅವನು ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತು ಹೊರಟುಹೋದ. ಹೀಗೆ ದಿನವೂ ಬರತೊಡಗಿದ, ದಿನವೂ ಇಲ್ಲ ಅನ್ನಿಸಿಕೊಂಡು ಹೋಗತೊಡಗಿದ.

ಸುದ್ದಿ ಹರಡಲು ನಮ್ಮೂರಲ್ಲಿ ಎಷ್ಟು ಹೊತ್ತು ಬೇಕು? ಚನ್ನವೀರನ ಬಾಯಿ ಒಂದು ಹೇಳುತ್ತೆ, ಮನಸ್ಸು ಇನ್ನೊಂದು ಹೇಳುತ್ತೆ ಎಂದಾಯಿತು. ಅವನ ಕೈಯಿಂದ ಕೋಡುಬಳೆ ತಗೊಂಡು ತಿಂದರೆ ಹೊಟ್ಟೆ ನುಲಿದೀತು ಎಂದು ಜನ ಹೆದರಿದರು. ಮೊದಲು ತಾಯಂದಿರು ಮಕ್ಕಳನ್ನು ಆ ಕಡೆ ಕಳಿಸುವುದನ್ನು ನಿಲ್ಲಿಸಿದರು. ಆಮೇಲೆ ದರ್ಜಿ, ದಿನಾ ಸಂಜೆ ಚಹಾದ ಜೊತೆ ಅವನ ಅಂಗಡಿಯದ್ದನ್ನೇ ತಿನ್ನುತ್ತಿದ್ದವನು, ಮುಖ ಆ ಕಡೆ ತಿರುಗಿಸಿ ಹೊಲಿಯತೊಡಗಿದ. ಗಾಜಿನ ಭರಣಿಗಳು ತುಂಬಿದ್ದವು ತುಂಬಿಯೇ ಉಳಿದವು.

ಒಂದು ಮಧ್ಯಾಹ್ನ ದಾಕ್ಷಾಯಣಿ ಕಚೇರಿಗೇ ಬಂದಳು. ಸೆರಗಿಗೆ ಹಿಟ್ಟು ಮೆತ್ತಿತ್ತು. ಯಾರು ಕರೆದರೂ ಕೂರಲಿಲ್ಲ. ನೇರ ನನ್ನ ಟೇಬಲ್ಲಿನ ಮುಂದೆ ನಿಂತಳು.

"ನನ್ನ ಗಂಡನ ಮನಸ್ಸಿನೊಳಗೆ ಇಣುಕಿ ನೋಡಿ ಬಂದಿದೀರಾ ಮೇಡಂ?"

ನಾನು ಕೀಬೋರ್ಡಿನಿಂದ ಕೈ ತೆಗೆದೆ.

"ನಾನು ನೋಡಿದೀನಿ. ಇಷ್ಟು ವರ್ಷ ಬಾಳ್ವೆ ಮಾಡಿದೀನಿ. ಆ ಮನುಷ್ಯ ಕೊಟ್ಟ ಒಂದೇ ಒಂದು ಹೂವಿನ ಎಸಳೂ ನನ್ನ ಹತ್ರದಿಂದ ಹಿಂದಕ್ಕೆ ಹೋದದ್ದಿಲ್ಲ. ಈಗ ನಿದ್ದೇಲೂ ತಗೊಳ್ಳಿ ತಗೊಳ್ಳಿ ಅಂತ ಬಡಬಡಿಸ್ತಾರೆ. ತಾವೇ ಕೆಟ್ಟವರೇನೋ ಅಂತ ನನ್ನ ಮುಖ ನೋಡೋದು ಬಿಟ್ಟಿದಾರೆ. ನಿಮ್ಮ ಹೊಸ ಮಷೀನಿಗೆ ಬೆಂಕಿ ಬೀಳ. ಬೇರೆ ಕಡೆ ಹುಡುಕಿ."

ಅವಳು ಹೋದ ಮೇಲೆ ಆ ಕೊನೆಯ ಮಾತು ನನ್ನನ್ನು ಹಿಡಿದುಕೊಂಡಿತು. ಬೇರೆ ಕಡೆ ಎಂದರೆ ಎಲ್ಲಿ? ಕೊಡಬೇಕಾದವರನ್ನೆಲ್ಲ ಕೇಳಿಯಾಗಿತ್ತು. ನೌಶೀನಳನ್ನು ಕರೆದು, ಸರದಿಯನ್ನು ಮತ್ತೊಮ್ಮೆ ಸಾಗಿಸಿ, ಬೆಳಗಿನಲ್ಲಿ ಅದು ಮಾಯವಾಗುವ ಮೊದಲು ಹೊಸ ಜಾಗದಲ್ಲೇ ಒಮ್ಮೆ ತೆರೆದು ತೋರಿಸು ಅಂದೆ. ಇಷ್ಟು ದಿನ ನಾವು ಸಾಲುಗಳು ಸರಿಯಾಗಿ ಬಂದಿವೆಯೇ ಎಂದಷ್ಟೇ ಹೋಲಿಸಿದ್ದೆವು. ಪಕ್ಕದ ಹೆಸರುಗಳ ಕಡೆ ನೋಡಿರಲಿಲ್ಲ.

ಅವಳು ಆ ಆಜ್ಞೆ ಕೊಟ್ಟಳು. ಮೇಲಿನಿಂದ ಕೆಳಗಿನವರೆಗೆ ಒಂದೇ ಹೆಸರು. ತ್ರಿವಿಕ್ರಮ, ತ್ರಿವಿಕ್ರಮ, ತ್ರಿವಿಕ್ರಮ. ನಡುವೆ ಅಲ್ಲೊಂದು ಇಲ್ಲೊಂದು ಕಡೆ ನನ್ನದು, ಪಂಕಜಾಕ್ಷಿಯದು.

ಸರ್ ತಾವೇ ಬರೆದೆ ಎಂದಿದ್ದರಲ್ಲ, ಹಾಗಾಗಿ ಮೊದಲು ಏನೂ ಅನ್ನಿಸಲಿಲ್ಲ. ಓದುತ್ತಾ ಹೋದೆ. ಕೋಡಿನ ನಡುವೆ, ಮುಂದೆ ಓದುವವರಿಗೆಂದು ಬರೆದಿಟ್ಟ ಒಂದು ಟಿಪ್ಪಣಿ ಸಿಕ್ಕಿತು: "ಮೇಲ್ಕೇರಿ ನಲ್ಲಿಯಲ್ಲಿ ಮೊದಲು ಗಾಳಿ ಬರುತ್ತೆ, ಆಮೇಲೆ ನೀರು. ಗಾಳಿ ಬರೋ ಹೊತ್ತನ್ನ ಅವರ ಪಾಲಿಗೆ ಹಿಡಿಯಬಾರದು. ನಿಂತು ನೋಡಿದೀನಿ." ಪಕ್ಕದಲ್ಲಿ ತ್ರಿವಿಕ್ರಮ ಎಂದಿತ್ತು. ಸರ್ ಮನೆ ಕೆಳಗಿನ ಪೇಟೆಯಲ್ಲಿ. ಅವರು ಮೇಲ್ಕೇರಿಯ ನಲ್ಲಿಯ ಮುಂದೆ ಕೊಡ ಹಿಡಿದು ನಿಂತದ್ದನ್ನು ಯಾರೂ ಕಂಡವರಿಲ್ಲ.

"ಈ ಹೆಸರು ಎಲ್ಲಿಂದ ಬಂತು?" ಅಂದೆ.

"ಹಳೇ ಮಷೀನಲ್ಲಿ ಇದು ಕಚೇರಿ ಅನ್ನೋ ಲಾಗಿನ್ನಿಂದ ಬರೆದದ್ದು ಮೇಡಂ. ಹೊಸದರಲ್ಲಿ ಪ್ರತಿ ಲಾಗಿನ್ನಿಗೂ ಒಬ್ಬ ಮನುಷ್ಯನ ಹೆಸರು ಬೇಕು. ಕಚೇರಿ ಅಂದ್ರೆ ಯಾರು ಅಂತ ಸರ್‌ನ ಕೇಳಿದೆ. ಅದು ನಾನೇ, ನನ್ನ ಹೆಸರೇ ಹಾಕಿ ಅಂದ್ರು."

"ಆಗ ಕಚೇರೀಲಿ ಇಬ್ಬರಿದ್ರು ನೌಶೀನ್. ಲಾಗಿನ್ ಒಂದೇ ಇತ್ತು."

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ನನಗೂ ಕಿವಿ ಬಿಸಿಯಾಯಿತು. ಇಡೀ ಊರು ಕೊಟ್ಟವನ ಮನಸ್ಸನ್ನು ಜರಡಿ ಹಿಡಿದು ನೋಡಿತ್ತು. ತಗೊಂಡವರ ಕೈ ಹೇಗಿದೆ ಎಂದು ಒಬ್ಬರೂ ನೋಡಿರಲಿಲ್ಲ. ಚನ್ನವೀರ ಕೊಟ್ಟದ್ದು ಕಚೇರಿಗೆ. ಅದನ್ನು ಒಬ್ಬ ಮನುಷ್ಯನ ಹೆಸರಿಗೆ ಬರೆದುಕೊಂಡರೆ ಅದು ಕೊಟ್ಟದ್ದಾಗುವುದಿಲ್ಲ, ಕಿತ್ತುಕೊಂಡದ್ದಾಗುತ್ತದೆ.

ನಾನು ಸರ್ ಕೋಣೆಗೆ ಹೋಗಿ, ಬಾಗಿಲು ತೆರೆದೇ ಇಟ್ಟು, ನೋಡಿದ್ದನ್ನು ಹೇಳಿದೆ. ಅವರು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ.

"ಕಚೇರಿ ಅಂದ್ರೆ ಯಾರು ಕಾತ್ಯಾಯಿನಿ?" ಅಂದರು. "ಬೆಳಿಗ್ಗೆ ಬಾಗಿಲು ತೆಗೆಯೋನು ನಾನು. ನೀರು ಬರದಿದ್ರೆ ಜನ ಬಂದು ಬೈಯೋದು ನನ್ನನ್ನ. ಮೇಲಿನವರ ಮುಂದೆ ಕೈ ಕಟ್ಟಿ ನಿಲ್ಲೋನು ನಾನು. ಕಚೇರಿ ಅಂದ್ರೆ ನಾನಲ್ದೆ ಇನ್ಯಾರು?"

"ಬೈಸಿಕೊಂಡದ್ದು ನೀವೇ ಸರ್. ಬರೆದದ್ದು?"

ಅವರು ಮೇಜಿನ ಗಾಜನ್ನು ಅಂಗೈಯಿಂದ ಒರೆಸಿದರು. "ಅಷ್ಟು ಸಲ ನಾನೇ ಬರೆದೆ ಅಂತ ಭಾಷಣ ಮಾಡಿದೀನಿ," ಅಂದರು. "ಆಮೇಲೆ ನನಗೆ ಅನುಮಾನ ಬರೋದು ನಿಂತುಹೋಯ್ತು." ಛತ್ರಿ ತಗೊಂಡು ಎದ್ದರು. ಮರುದಿನದಿಂದ ರಜೆಯ ಮೇಲೆ ಹೋದರು.

ನಾನು ಮೇಲ್ಕೇರಿಗೆ ಹೋಗಿ ಚನ್ನವೀರನಿಗೆ ವಿಷಯ ತಿಳಿಸಿದೆ. ಅವನು ನಗಲಿಲ್ಲ, ಬೈಯಲಿಲ್ಲ. ಕೈ ಒರೆಸಿಕೊಂಡು ನನ್ನ ಜೊತೆ ಬಂದ. ನೌಶೀನಳ ಪಕ್ಕ ಕೂತು ಒಂದೊಂದೇ ತುಂಡನ್ನು ತೋರಿಸುತ್ತಾ ಬೇರ್ಪಡಿಸಿದ. ಇದು ನಂದು. ಇದೂ ನಂದು. ಇದು ನೀವು ಆಮೇಲೆ ತಿದ್ದಿದ್ದು. ಒಂದು ಕಡೆ ಬಂದು ನಿಂತ. ಸರದಿಯ ನಡುವೆ ಕರೆಂಟು ಹೋದರೆ, ಮತ್ತೆ ಬಂದಾಗ ಯಾರ ಪಾಲು ಅರ್ಧಕ್ಕೆ ನಿಂತಿತ್ತೋ ಅವರಿಗೇ ಮೊದಲು ನೀರು ಬಿಡುವ ಭಾಗ ಅದು.

"ಇದು ಸರ್‌ದು," ಅಂದ. "ಪೂರ್ತಿ ಅವರದೇ. ನಾನಾಗಿದ್ರೆ ಮೊದಲಿಂದ ಸರದಿ ಶುರು ಮಾಡಿಬಿಡ್ತಿದ್ದೆ. ಪಾಪದವರಿಗೆ ಅರ್ಧ ಕೊಡಾನೇ ಸಿಗ್ತಿತ್ತು. ಇದನ್ನ ಯೋಚಿಸೋಕೆ ಒಳ್ಳೇ ಮನಸ್ಸು ಬೇಕು."

ಹೆಸರುಗಳನ್ನೆಲ್ಲ ಸರಿಮಾಡಿ, ಸರದಿಯನ್ನು ಸಾಗಿಸಿದೆವು. ಹಿಂದಿನ ಕೋಣೆಯ ಮಷೀನು ಆ ಹೊತ್ತಿಗೆ ನಿಮಿಷಕ್ಕೊಮ್ಮೆ ಉಸಿರು ಕಟ್ಟಿದಂತೆ ನಿಂತು ನಿಂತು ಹೊರಡುತ್ತಿತ್ತು. ಇನ್ನೇನು ಮುಗಿಯಿತು ಎಂದು ನೌಶೀನ್ ಊರಿಗೆ ಹೋಗಲು ಬಸ್ಸಿನ ವಿಚಾರಣೆಯನ್ನೂ ಮಾಡಿದಳು.

ಬೆಳಿಗ್ಗೆ ನೋಡಿದರೆ ಸರದಿ ಮತ್ತೆ ಹಿಂದಕ್ಕೆ ಹೋಗಿತ್ತು. ಸರ್ ಬರೆದ ಆ ಒಂದು ಭಾಗ ಮಾತ್ರ ಹೊಸ ಜಾಗದಲ್ಲಿ ಒಂಟಿಯಾಗಿ ಉಳಿದಿತ್ತು.

ನೌಶೀನ್ ಅಳುವುದೊಂದು ಬಾಕಿ. "ಈಗ ಯಾರು ಮೇಡಂ?" ಅಂದಳು.

ಯಾರು ಎಂದು ನನಗೆ ಗೊತ್ತಿತ್ತು. ಏಕೆ ಎಂದೂ ಗೊತ್ತಿತ್ತು. ಮೇಲ್ಕೇರಿಗೆ ಹೋದಾಗ ಚನ್ನವೀರ ಒಲೆ ಹಚ್ಚಿರಲಿಲ್ಲ. ಬೆಂಚಿನ ಮೇಲೆ ಕೂತಿದ್ದ. ಆವತ್ತು ನನ್ನ ಬಾಗಿಲಿಗೂ ಬಂದಿರಲಿಲ್ಲ.

"ಹೋಗಿದೆ ಅಲ್ವಾ?" ಅಂದ.

"ಹೋಗಿದೆ."

"ಈ ಸಲ ನನ್ನಿಂದಲೇ ಮೇಡಂ. ರಾತ್ರಿನೇ ಗೊತ್ತಾಯ್ತು. ಮೊದಲು ನನ್ನ ಮನಸ್ಸಲ್ಲಿ ಏನೂ ಇರ್ಲಿಲ್ಲ. ನೀವೆಲ್ಲ ಇದೆ ಇದೆ ಅಂತ ಕೆದಕಿ ಕೆದಕಿ, ಈಗ ನಿಜವಾಗ್ಲೂ ಬಂದು ಕೂತಿದೆ. ತಗೊಳ್ಳಿ ಅಂತ ಬಾಯಿ ಹೇಳುತ್ತೆ. ಯಾಕೆ ಕೊಡಬೇಕು ಈ ಊರಿಗೆ ಅಂತ ಒಳಗಡೆ ಒಂದು ಕೇಳುತ್ತೆ. ಅದನ್ನ ಹೇಗೆ ಸುಮ್ಮನಿರಿಸಲಿ?"

ಬೀದಿಯಲ್ಲಿ ಆಗಲೇ ಜನ ನಿಂತು ನೋಡುತ್ತಿದ್ದರು. ದರ್ಜಿ ಯಂತ್ರ ನಿಲ್ಲಿಸಿದ್ದ. ನಾನು ಭರಣಿಯ ಕಡೆ ಕೈ ತೋರಿಸಿದೆ.

"ಒಂದು ಕೋಡುಬಳೆ ಕೊಡಿ."

"ಬೇಡ ಮೇಡಂ. ಇವತ್ತು ನನ್ನ ಕೈಯಿಂದ ತಿನ್ನಬೇಡಿ."

"ನಾಲ್ಕು ಜನರ ಎದುರು ನಿಮ್ಮನ್ನ ಕೇಳಿದ್ದೆ. ನಾಲ್ಕು ಜನರ ಎದುರೇ ತಿಂತೀನಿ. ಕೊಡಿ."

ಅವನು ನನ್ನ ಮುಖವನ್ನೇ ನೋಡುತ್ತಾ ಕೊಟ್ಟ. ನಾನು ಬೆಂಚಿನ ಮೇಲೆ ಕೂತು ತಿಂದೆ. ಅರ್ಧ ತಿನ್ನುವಷ್ಟರಲ್ಲೇ ಹೊಕ್ಕುಳ ಸುತ್ತ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ನುಲಿಯಿತು. ಕಣ್ಣಲ್ಲಿ ನೀರು ಬಂತು. ಕಾಲ ಬೆರಳುಗಳನ್ನು ಚಪ್ಪಲಿಯೊಳಗೆ ಬಿಗಿಹಿಡಿದು, ನುಂಗಿ, "ಇನ್ನೊಂದು ಕೊಡಿ," ಅಂದೆ.

ಅವನು ಬಗ್ಗಿ ಮೆಲ್ಲಗೆ, "ನೋಯ್ತಿದೆ ಅಲ್ವಾ?" ಅಂದ.

"ಖಾರ ಸ್ವಲ್ಪ ಮುಂದಾಗಿದೆ, ಅಷ್ಟೇ," ಅಂದೆ, ದರ್ಜಿಗೂ ಕೇಳಿಸುವ ಹಾಗೆ.

ಒಳಗಿನಿಂದ ದಾಕ್ಷಾಯಣಿಯ ದನಿ ಬಂತು. "ಖಾರ ಹಾಕಿದ್ದು ನಾನು! ಸರಿಯಾಗೇ ಇದೆ!"

ಚನ್ನವೀರನಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ನಕ್ಕವನ ನಗು, ಕೆಮ್ಮಿನ ಹಾಗೆ ಬಂತು. ನಗುತ್ತಲೇ ಎರಡನೆಯದು ಕೊಟ್ಟ. ಅದೂ ನೋಯಿಸಿತು, ಆದರೆ ಮೊದಲಿನಷ್ಟಲ್ಲ. ನನ್ನ ಹಣೆಯ ಬೆವರನ್ನು ನೋಡಿ ಅವನು ಒಂದು ಲೋಟ ನೀರು ತಂದಿಟ್ಟ. ನಾನು ಕೇಳುವ ಮೊದಲೇ ಮೂರನೆಯದನ್ನು ತಾನೇ ಆರಿಸಿ, ಚೆನ್ನಾಗಿ ಕೆಂಪಗೆ ಬೆಂದದ್ದನ್ನು ನೋಡಿ ಕೊಟ್ಟ. ಅದನ್ನು ತಿಂದು ಕಾದೆ. ಏನೂ ಆಗಲಿಲ್ಲ. ಎಳ್ಳಿನ, ಎಣ್ಣೆಯ ರುಚಿ ಮಾತ್ರ ನಾಲಿಗೆಯ ಮೇಲಿತ್ತು.

"ಖಾರ ಸರಿಯಾಗೇ ಇದೆ," ಅಂದೆ.

ದರ್ಜಿ ಕತ್ತಿನ ಟೇಪನ್ನು ತೆಗೆದಿಟ್ಟು ರಸ್ತೆ ದಾಟಿ ಬಂದ.

ಅವತ್ತು ಸಂಜೆ ಸರದಿಯನ್ನು ಮತ್ತೊಮ್ಮೆ ಸಾಗಿಸಿದೆವು. ಮರುದಿನ ಬೆಳಿಗ್ಗೆ ಅದು ಹೊಸ ಜಾಗದಲ್ಲೇ ಇತ್ತು. ಅದರ ಮರುದಿನವೂ ಇತ್ತು. ಎಲ್ಲರ ಮಷೀನಿಗೂ ಒಂದೊಂದು ಪ್ರತಿ ಇಳಿಸಿಕೊಟ್ಟು ನೌಶೀನ್ ಬಸ್ಸು ಹತ್ತಿದಳು. ಆ ವಾರವೇ ಹಳೆಯ ಮಷೀನು ಸದ್ದು ನಿಲ್ಲಿಸಿತು, ಮತ್ತೆ ಏಳಲಿಲ್ಲ. ಯಾವ ಬೀದಿಯ ನೀರೂ ನಿಲ್ಲಲಿಲ್ಲ. ಪಂಕಜಾಕ್ಷಿ ನನ್ನೊಡನೆ ಇನ್ನೂ ಅಳೆದು ತೂಗಿಯೇ ಮಾತಾಡುತ್ತಾಳೆ. ಮೇಲ್ಕೇರಿಯ ವಿಷಯ ಕೇಳಿ, "ನನ್ನನ್ನೂ ಎಲ್ಲರೆದುರೇ ಕೇಳಿದ್ರಿ. ನನಗೆ ಏನು ತಿಂದು ತೋರಿಸ್ತೀರಿ?" ಅಂದಳು. ಅವಳ ಮಾತು ನ್ಯಾಯವೇ. ಬೆಳಿಗ್ಗೆ ಬಂದ ಕೂಡಲೇ ನಮ್ಮವರು ಈಗ ಬ್ಲೇಮ್ ತೆರೆದು ಯಾರ ಸಾಲಿನ ಪಕ್ಕ ಯಾರ ಹೆಸರಿದೆ ಎಂದು ನೋಡುತ್ತಾರೆ. ಅನುಮಾನಕ್ಕೆ ಇನ್ನೊಂದು ಕಿಟಕಿ ಸಿಕ್ಕಿತು ಅಷ್ಟೇ.

ತ್ರಿವಿಕ್ರಮ ಸರ್ ರಜೆ ಮುಗಿಸಿ ಬಂದಾಗ ಯಾರೂ ಏನೂ ಅನ್ನಲಿಲ್ಲ. ಕಟ್ಟಡಕ್ಕೆ ಅವರ ಹೆಸರಿಡುವ ಮಾತೂ ನಿಂತಿತ್ತು. ಅವರು ಕೋಣೆಯಲ್ಲಿ ಸುಮ್ಮನೆ ಕೂತಿದ್ದು, ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದ ಮೇಲೆ ನನ್ನ ಟೇಬಲ್ಲಿನ ಹತ್ತಿರ ಬಂದರು.

"ನನ್ನದು ಅಂತ ಏನಾದ್ರೂ ಉಳಿದಿದೆಯಾ ಅದರಲ್ಲಿ?"

ನಾನು ಕರೆಂಟು ಹೋದಾಗಿನ ಆ ಭಾಗವನ್ನು ತೆರೆದೆ. ಪ್ರತಿ ಸಾಲಿನ ಪಕ್ಕವೂ ಅವರ ಹೆಸರಿತ್ತು. ಅವರು ಕುರ್ಚಿ ಎಳೆದುಕೊಂಡು ಕೂತರು.

"ಇದನ್ನ ನಾನು ಬರೆದೆನಾ?"

"ಹೌದು ಸರ್. ಚನ್ನವೀರನೇ ಗುರುತು ಹಿಡಿದು ಹೇಳಿದ್ದು. ಒಳ್ಳೇ ಮನಸ್ಸಿನವರು ಬರೆಯೋದು ಅಂತ ಅಂದ."

"ಖಂಡಿತವಾ? ಅವನದೇ ಇರಬಹುದು. ಸರಿಯಾಗಿ ನೋಡಿ."

"ನಿಮ್ಮದಲ್ಲದಿದ್ರೆ ಬೆಳಿಗ್ಗೆನೇ ಹೋಗಿಬಿಡ್ತಿತ್ತು ಸರ್. ಮಿಕ್ಕಿದ್ದೆಲ್ಲ ಹೋದ ದಿನವೂ ಇದೊಂದು ಇಲ್ಲೇ ಇತ್ತು."

ಅವರು ಕನ್ನಡಕ ಒರೆಸಿ ಹಾಕಿಕೊಂಡು, ಪರದೆಗೆ ಮುಖ ಹತ್ತಿರ ತಂದು ಮೊದಲ ಸಾಲಿನಿಂದ ಓದತೊಡಗಿದರು. ನಾನು ಊಟ ಮುಗಿಸಿ ಬಂದಾಗಲೂ ಓದುತ್ತಲೇ ಇದ್ದರು, ಬೇರೆ ಯಾರೋ ಬರೆದದ್ದನ್ನು ಓದುವವರ ಹಾಗೆ, ಮೆಲ್ಲಗೆ ತಲೆದೂಗುತ್ತಾ.